ಬಾಗಿಲಿಗಂಟಿದ ಅಕ್ಕಿ ಮೂಟೆ

ಮೂವತ್ತು ವರ್ಷ ಭೂಗೋಳ ಕಲಿಸಿದವನಿಗೆ ಒಂದು ಬಾಗಿಲಿನ ಏರಿಳಿತ ತಿಳಿಯದೇ? ಬಡಗಿಗಳ ಊರು ಜೆಪಾರಾದಲ್ಲಿ ಹುಟ್ಟಿಯೂ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯದ ನಾನು, ಹೆಂಡತಿ ಮುರ್ತಿನಿಯ ಬೀರುವನ್ನು ಸ್ವಹಸ್ತದಿಂದ ಉದ್ಧಾರ ಮಾಡುವ ಪಣ ತೊಟ್ಟೆ. ಅದು ಅವಳ ತಾಯಿ ಮದುವೆಗೆ ಕೊಟ್ಟದ್ದು. ಅದರ ಒಂದು ಬಾಗಿಲಿನ ಮೇಲಿನ ತೇಗದ ತೆಳು ಪದರ, ಅಂದರೆ ವೆನೀರ್, ಸುಲಿದು ಬಂದಿತ್ತು. ಅತ್ತೆ ತೀರಿಕೊಂಡ ಮೇಲೆ ಮುರ್ತಿನಿ ಅದನ್ನು ದಿನಾ ಬೆರಳಿನಿಂದ ಒತ್ತಿ ಕೂರಿಸುತ್ತಿದ್ದಳು. ನೋಡಲಾಗುತ್ತಿರಲಿಲ್ಲ. ಅವಳು ಎರಡು ದಿನಕ್ಕೆಂದು ಅಕ್ಕನ ಮನೆಗೆ ಹೊರಟ ಬೆಳಿಗ್ಗೆಯೇ ಬಾಗಿಲು ಕಳಚಿ ನೆಲಕ್ಕೆ ಮಲಗಿಸಿದೆ.

ಪಕ್ಕದ ಮನೆಯ ಬಡಗಿ ಕಸ್ಮಾದಿ ಬೇಲಿಯಾಚೆಯಿಂದ ಇಣುಕಿದ. "ಗುರುಗಳೇ, ಸಪಾಟು ಹಲಗೆಯಾಗಿದ್ರೆ ಬೇರೆ ಮಾತು. ಇದು ನಡುವೆ ಉಬ್ಬಿದೆ, ಸುತ್ತ ಇಳಿಜಾರು. ಪದರವನ್ನ ಉಬ್ಬಿಗೊಂದು ತುಂಡು, ಇಳಿಜಾರಿಗೆ ನಾಲ್ಕು ತುಂಡು ಕತ್ತರಿಸಿ ಅಂಟಿಸ್ಬೇಕು. ಮೇಲೆ ಮರಳಿನ ಮೂಟೆ ಹೇರಿ, ಉಬ್ಬುತಗ್ಗಿಗೆಲ್ಲ ಕೂರುತ್ತೆ. ಆದ್ರೆ ಮಧ್ಯೆ..."

"ಗೊತ್ತು ಬಿಡಪ್ಪ," ಎಂದೆ.

ಮೂಟೆಗೂ ಪದರಕ್ಕೂ ಮಧ್ಯೆ ಕಾಗದ ಹಾಸಬೇಕು ಎನ್ನಲು ಹೊರಟಿದ್ದನಂತೆ ಪುಣ್ಯಾತ್ಮ.

ತುಂಡುಗಳನ್ನು ಅಳೆದು ಕತ್ತರಿಸಿ, ತೆಂಗಿನ ಹಾಲು ಸುರಿದಷ್ಟು ಧಾರಾಳವಾಗಿ ಅಂಟು ಸುರಿದೆ. ಮರಳಿರಲಿಲ್ಲ. ಇಪ್ಪತ್ತೈದು ಕಿಲೋ ಅಕ್ಕಿ ಮೂಟೆಯಿತ್ತು. ಹೇರಿದೆ. ಸಂಜೆ ಎತ್ತಲು ಹೋದರೆ ಮೂಟೆಯ ಜೊತೆ ಬಾಗಿಲೂ ಎದ್ದಿತು. ಅಂಟು ನಂಟಾಗಿಬಿಟ್ಟಿತ್ತು.

ಅಷ್ಟರಲ್ಲಿ ಮುರ್ತಿನಿ ಬಂದಳು. ಅಕ್ಕ ಊರಲ್ಲಿರಲಿಲ್ಲವಂತೆ.

"ಮಾಸ್," ಎಂದಳು, ನಮ್ಮೂರಲ್ಲಿ ಹೆಂಡತಿ ಗಂಡನನ್ನು ಕರೆಯುವುದೇ ಹಾಗೆ, "ಅನ್ನಕ್ಕಿಡ್ತೀನಿ. ಅಕ್ಕಿ ಎಲ್ಲಿ?"

"ಬೀರುವಿನ ಬಾಗಿಲ ಮೇಲೆ."

"ಇಳಿಸಿಕೊಡಿ."

"ಅದು ಇಳಿಯಲ್ಲ, ತಿನಿ."

ಅವಳು ಬಂದು ನೋಡಿದಳು. ಕತ್ತರಿ ತಂದು ಮೂಟೆಯ ಹೊಟ್ಟೆ ಸೀಳಿ, ಮಂಡಿಯೂರಿ, ಪಾವಿನಲ್ಲಿ ಅಕ್ಕಿ ಅಳೆದುಕೊಂಡು ಒಳಗೆ ಹೋದಳು. ರಾತ್ರಿ ಆ ಅಕ್ಕಿಯ ಅನ್ನವನ್ನೇ ನಾನು ಉಂಡೆ.

ಮರುದಿನ ಕಸ್ಮಾದಿ ಬಿಸಿನೀರಲ್ಲಿ ನೆನೆಸಿ ನೆನೆಸಿ ಚೀಲ ಬಿಡಿಸಿದ. ಪದರ ಉಳಿಯಿತು. ಜೊತೆಗೆ, ಉಬ್ಬಿನ ನಟ್ಟನಡುವೆ ಚೀಲದ ಮೇಲೆ ಅಚ್ಚಾಗಿದ್ದ ಕೆಂಪು ಹುಂಜದ ಚಿತ್ರವೂ ಉಳಿಯಿತು, ಕಾಲು ಮೇಲಾಗಿ.

"ಉಜ್ಜಿ ತೆಗೀತೀನಿ," ಎಂದೆ, ತಲೆ ಎತ್ತದೆ.

ಮುರ್ತಿನಿ ಇಳಿಜಾರಿನ ಉದ್ದಕ್ಕೂ ಬೆರಳಾಡಿಸಿದಳು. ಪದರ ಎಲ್ಲೂ ಏಳಲಿಲ್ಲ. ಅಂಗೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು.

"ಬೇಡ. ಬೀರು ಅಮ್ಮ ಕೊಟ್ಟಿದ್ದು, ಕೋಳಿ ನೀವು ಕೊಟ್ಟಿದ್ದು. ಇರ್ಲಿ."

ನನ್ನ ಎದೆ ಇಷ್ಟಗಲವಾಯಿತು. "ಹಾಗಾದ್ರೆ ಆ ಇನ್ನೊಂದು ಬಾಗಿಲು..."

"ಮಾಸ್," ಎಂದಳು ಮೆಲ್ಲಗೆ, "ಇನ್ಮೇಲೆ ನಾನೆಲ್ಲಿಗೆ ಹೋದ್ರೂ ನಿಮ್ಮನ್ನ ಜೊತೆಗೇ ಕರ್ಕೊಂಡು ಹೋಗ್ತೀನಿ."