ಕುಂಟಿ, ಕುಂಟೆ ಮತ್ತು ಫ್ಯಾನಿನ ಕೆಳಗಿನ ಕುರ್ಚಿ

ನಮ್ಮ ಕೊಟ್ಟೂರಿನ ಕೃಷಿ ಸಲಕರಣೆ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಿಡಿ ಹಾರದ ದಿನ ಇದ್ದೀತು, ನಗೆಪಾಟಲು ಆಗದ ದಿನ ಇಲ್ಲ. ಈಚೆಗೆ ಆದದ್ದೆಲ್ಲ ನನ್ನ ಹೊಟ್ಟೆಕಿಚ್ಚಿನಿಂದ ಅಂತ ಮಂದಿ ಅಂತಾರೆ. ಅನ್ನಲಿ.

ಸೇವ್

ಹೊಸಹಳ್ಳಿಯಿಂದ ಹೊಳಲಿನವರೆಗೆ ಯಾವ ಹೊಲದಲ್ಲಿ ನಿಂತರೂ ನನ್ನ ಕೈಯ ಸಲಕರಣೆ ಕಾಣುತ್ತದೆ. ನನ್ನ ನಕ್ಷೆ ಹುಟ್ಟುವುದು ನೆಲದ ಮೇಲೆ, ಸೀಮೆಸುಣ್ಣದಲ್ಲಿ. ಅಂಥ ನಾನಿರುವಾಗ ವರ್ಕ್‌ಶಾಪಿನ ಸಾಹುಕಾರರು ಹರಪನಹಳ್ಳಿಯಿಂದ ಒಬ್ಬ ಡಿಪ್ಲೊಮಾ ಹುಡುಗಿಯನ್ನೂ ಒಂದು ಕಂಪ್ಯೂಟರನ್ನೂ ತಂದರು. ಏನು ಕೆಲಸ ಆಗಬೇಕು ಅಂತ ಬರೆದರೆ ಸಾಕು, ಅದು ಹತ್ತು ಥರದ ಕಚ್ಚಾ ನಕ್ಷೆ ತೋರಿಸುತ್ತದಂತೆ. ಇರುವುದೊಂದೇ ಫ್ಯಾನು, ಅದರ ಕೆಳಗಿನ ಕುರ್ಚಿ, ಎರಡೂ ಆಕೆಗೆ.

"ತೆಲಿಗಿ ರೈತರಿಗೆ ಕಳೆ ತೆಗಿಯಾಕ ಹೊಸ ಕುಂಟಿ ಬೇಕಾಗೈತಿ," ಅಂದರು ಸಾಹುಕಾರರು. "ಯಾರ ನಕ್ಷೆ ಒಪ್ತಾರೋ, ಕುರ್ಚಿ ಅವರದು."

ಅರ್ಧ ದಿನ ಕುಕ್ಕುರುಗಾಲಲ್ಲಿ ಕೂತು ನೆಲದ ಮೇಲೆ ನಕ್ಷೆ ಬರೆದೆ. ಉಂಡು ಬರುವಷ್ಟರಲ್ಲಿ ಕಸ ಹೊಡೆಯುವ ಅಜ್ಜಿ ನೆಲ ಒರೆಸಿಬಿಟ್ಟಿದ್ದಳು.

ಹುಡುಗಿ ಕೇಳಿದಳು: "ಸೇವ್ ಮಾಡಿರಲಿಲ್ಲೇನಣ್ಣ?"

ಕುಂಟಿ

ಮರುದಿನ ಆಕೆ ಚಹಾಕ್ಕೆ ಹೋದಾಗ ಕುರ್ಚಿಯಲ್ಲಿ ಕೂತೆ. ಆ ಡಬ್ಬದ ದಡ್ಡತನ ಎಲ್ಲರಿಗೂ ತೋರಿಸಬೇಕಿತ್ತು. ಬರೆದೆ: "ನಮ್ಮ ಕುಂಟಿ ಸಾಲಿನಾಗ ನೆಟ್ಟಗ ಹೋಗಬೇಕು. ಕಲ್ಲು ಅಡ್ಡ ಬಂದ್ರ ಎಡವಬಾರದು."

ತೆರೆಯ ಮೇಲೆ ಬಂದವು: ಊರುಗೋಲು, ಮೂರು ಕಾಲಿನ ಕೋಲು, ಮುಂದೆ ಗಾಲಿ ಹಿಂದೆ ಹಿಡಿಕೆ ಇರುವ ನಡಿಗೆ ಗಾಡಿ.

ಎಲ್ಲರನ್ನೂ ಕರೆದು ನಕ್ಕೆ. "ನೋಡ್ರಿ, ಕುಂಟಿ ಕೇಳಿದ್ರ ಕೋಲು ಕೊಡ್ತೈತಿ."

ಆಕೆ ಬಂದು ಓದಿದಳು. "ಅಣ್ಣ, ಹೊಲದ್ದು ಪುಸ್ತಕದಾಗ ಕುಂಟೆ. ನೀ ಬರೆದದ್ದು ಕಾಲು ಕುಂಟೋ ಹೆಣ್ಣುಮಗಳು. ಎಡವಬಾರದು ಅಂದದ್ದಕ್ಕ ಪಾಪ, ಎಷ್ಟು ಕಾಳಜಿ ಮಾಡೈತಿ ನೋಡು."

ಕಂಪ್ಯೂಟರ್ ನೋಡಿ ನಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿ ನಗು ಮುಂದುವರಿಸಿದರು.

ಕುರ್ಚಿ

ತೆಲಿಗಿಯಿಂದ ಹಿರಿಯ ರೈತರೊಬ್ಬರು ಬಂದರು. ನಾನು ಮತ್ತೆ ಬರೆದಿದ್ದ ನಕ್ಷೆಯ ಮೇಲೆ ಚಪ್ಪಲಿ ಕಾಲಲ್ಲಿ ನಿಂತು, "ಎಲ್ಲೈತಪ ನಿಂದು?" ಅಂದರು.

ತೆರೆಯಲ್ಲಿ ಹುಡುಗಿಯ ಹತ್ತು ಕುಂಟೆ ನೋಡಿ, "ಇವು ನಮ್ಮಲ್ಲಿ ಅದಾವಮ್ಮ," ಅಂದರು. ಕಡೆಗೆ, ನಾನು ಅಳಿಸಲು ಬಾರದೆ ಬಿಟ್ಟಿದ್ದ ನಡಿಗೆ ಗಾಡಿ ಬಂತು. ಅವರು ಬಗ್ಗಿ ನೋಡಿದರು.

"ಇದರ ಕೆಳಗ ಒಂದು ಅಲಗು ಹಾಕಿದ್ರ, ಎತ್ತು ಇಲ್ದ ಒಬ್ಬನೇ ತಳ್ಕೊಂತ ಕಳೆ ತೆಗಿಬಹುದಲ್ಲ. ಎರಡು ಮಾಡ್ರಿ. ಇನ್ನೊಂದಕ್ಕ ಅಲಗು ಬ್ಯಾಡ, ನಮ್ಮವ್ವಗ ಮೊಣಕಾಲು ನೋವು."

"ಯಾರದಿದು?" ಅಂದರು ಸಾಹುಕಾರರು. ನನ್ನ ನೆಲದ ನಕ್ಷೆಯನ್ನು ನಾನೇ ಕಾಲಿನಿಂದ ಒರೆಸಿದೆ. ಜನ್ಮದಲ್ಲಿ ಅದೇ ಮೊದಲು.

ಹುಡುಗಿಯೇ ಎದ್ದು ಕುರ್ಚಿಯನ್ನು ನನ್ನ ಕಡೆ ತಳ್ಳಿದಳು.

"ಕೂಡಣ್ಣ. ನಾ ಸರಿ ಬರೆದ್ರ ಹಳೇದ ಬರ್ತೈತಿ. ನೀ ಹಿಂಗ ತಪ್ಪು ಬರಕೊಂತ ಇರು."