ಕಾಲುವೆ ದಾರಿಯ ಮರ್ಯಾದಸ್ಥ

ಡ್ರಿಲ್ ಮೇಷ್ಟ್ರ ಎಡಗಾಲಿನ ಬೂಟು ಕಾಲುವೆಗೆ ಬಿದ್ದದ್ದೇ ಈ ಎಲ್ಲ ರಾದ್ಧಾಂತಕ್ಕೂ ಮೂಲ. ಬೂಟು ತಾನಾಗಿ ಬೀಳಲಿಲ್ಲ. ಕತ್ತಲಾದ ಮೇಲೆ ಕಾಲುವೆ ದಂಡೆಯ ದಾರಿಯಲ್ಲಿ ವಾಕಿಂಗ್ ಹೊರಟಿದ್ದ ಮೇಷ್ಟ್ರಿಗೆ ಬೂಟಿನೊಳಗೆ ಕಲ್ಲು ಹೊಕ್ಕಿತ್ತು. ಅದನ್ನು ಕಳಚಿ, ಒಂಟಿ ಕಾಲಲ್ಲಿ ನಿಂತು ಕೊಡವುತ್ತಿದ್ದಾಗ ಬೆನ್ನ ಹಿಂದೆಯೇ ಟ್ರಿಣ್ ಟ್ರಿಣ್ ಎಂದಿತು. ಮೇಷ್ಟ್ರು ಹಾರಿದರು, ಬೂಟೂ ಹಾರಿತು. ಮೇಷ್ಟ್ರು ಮಾತ್ರ ದಾರಿಯ ಮೇಲೇ ಇಳಿದರು.

ಬೆಲ್ ಹೊಡೆದವನು ಗ್ಲಾಸಣ್ಣ. ಕನ್ನಡಕದ ಅಂಗಡಿಯಲ್ಲಿ ಗ್ಲಾಸು ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವುದು ಅವನ ಕೆಲಸವಾದ್ದರಿಂದ ಬಡಾವಣೆಗೆಲ್ಲ ಅವನು ಗ್ಲಾಸಣ್ಣ. ದಿನವೂ ರಾತ್ರಿ ಊಟದ ಹೊತ್ತಿಗೆ ಮುಂಚೆ ಇದೇ ದಾರಿಯಲ್ಲಿ ಸೈಕಲ್ ಮೇಲೆ ಮನೆಗೆ ಬರುತ್ತಿದ್ದ. "ಸಾರಿ ಸಾರ್" ಎಂದು ಕೂಗಿದ್ದು ನಿಜ. ಆದರೆ ನಿಂತು ಕೂಗಲಿಲ್ಲ, ಪೆಡಲ್ ತುಳಿಯುತ್ತಲೇ ಕೂಗಿದ್ದ. ಕತ್ತಲಲ್ಲಿ ತನ್ನ ಮುಖ ಯಾರಿಗೂ ಕಾಣಲಿಲ್ಲ ಎಂಬ ಧೈರ್ಯದ ಮೇಲೆ ಉಂಡು ಮಲಗಿದ.

ಬೆಳಗ್ಗೆ ಅವನು ಮುಖಕ್ಕೆ ಸೋಪು ಹಚ್ಚಿಕೊಂಡಿರುವಾಗಲೇ ಮೇಲ್ಮಹಡಿಯ ವಿಮೆ ಏಜೆಂಟ್ ಮೆಟ್ಟಿಲಿಳಿದು ಬಂದ. ಯಾರ ಮನೆಗೆ ಯಾವ ಸುದ್ದಿ ಬೇಕೋ ಅದನ್ನು ಅವರು ಕೇಳುವ ಮೊದಲೇ ತಲುಪಿಸುವುದು ಅವನ ಹುಟ್ಟುಗುಣ.

"ಕೇಳಿದ್ರಾ? ಯಾವನೋ ಸೈಕಲ್ನೋನು ನಿನ್ನೆ ಡ್ರಿಲ್ ಮೇಷ್ಟ್ರನ್ನ ಕಾಲುವೆಗೆ ತಳ್ಳಿಬಿಟ್ಟನಂತೆ!"

"ತಳ್ಳಿದ್ದಾ?" ಗ್ಲಾಸಣ್ಣನ ಬಾಯಿಗೆ ಸೋಪು ಹೋಯಿತು.

"ಬೂಟು ಹೋಯ್ತಂತೆ. ಮೇಷ್ಟ್ರು ಸ್ವಲ್ಪದರಲ್ಲಿ ಉಳಿದ್ರು. ಇವತ್ತು ಸಾಯಂಕಾಲ ಕಲ್ಲುಬೆಂಚಿನ ಹತ್ರ ವಾಕಿಂಗ್ ಸಂಘದ ಮೀಟಿಂಗ್. ದಾರಿ ಎರಡೂ ತುದೀಲಿ ಸರಪಳಿ ಹಾಕ್ಸಿ, ಸೈಕಲ್ಲೇ ಬರದ ಹಾಗೆ ಮಾಡ್ತಾರಂತೆ."

ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು.

"ದಾರಿ ಮುಚ್ಚಿದ್ರೆ ದೊಡ್ಡ ರಸ್ತೇಲಿ ಲಾರಿಗಳ ಮಧ್ಯೆ ನಿಮ್ಮನ್ನ ಬಿಡೋಳಲ್ಲ ನಾನು. ನಮ್ಮ ತಮ್ಮ ಹೇಗೂ ಅದೇ ಕಡೆ ಹೋಗ್ತಾನೆ. ಅವನ ಸ್ಕೂಟರ್ ಹಿಂದೆ ಕೂತ್ಕೊಂಡು ಹೋಗಿ ಬನ್ನಿ."

ಈ ತಮ್ಮನ ವಿಷಯ ಹೇಳಲೇಬೇಕು. ಕೆಟ್ಟವನಲ್ಲ. ಆದರೆ ಸ್ಕೂಟರ್ ಓಡಿಸುತ್ತಲೇ ಹಿಂದಕ್ಕೆ ತಿರುಗಿ ಮಾತಾಡುತ್ತಾನೆ. ಮಾತಾಡುವುದು ತನಗಾದ ಮೂತ್ರಪಿಂಡದ ಕಲ್ಲಿನ ಆಪರೇಷನ್ ಬಗ್ಗೆ. ಪರಿಚಯದವರು ಕಂಡಲ್ಲೆಲ್ಲ ನಿಲ್ಲಿಸಿ ಅವರಿಗೂ ಅದನ್ನೇ ಮೊದಲಿಂದ ಹೇಳುತ್ತಾನೆ. ಅವನಿಗೆ ಪರಿಚಯವಿಲ್ಲದವರೇ ಇಲ್ಲ.

ಅದಕ್ಕಿಂತ ಹೆಚ್ಚಾಗಿ, ಗ್ಲಾಸಣ್ಣನಿಗೆ ಆ ಸೈಕಲ್ ಸವಾರಿ ಅಂದರೆ ಪ್ರಾಣ. ಅಂಗಡಿಯಲ್ಲಿ ಮಾಲೀಕರು ಕರೆಯುತ್ತಾರೆ, ಮನೆಯಲ್ಲಿ ಹೆಂಡತಿ ಕರೆಯುತ್ತಾಳೆ. ನಡುವೆ ಕಾಲುವೆ ದಾರಿಯಲ್ಲಿ ಮುಖಕ್ಕೆ ತಣ್ಣನೆ ಗಾಳಿ ಬಡಿಯುವಷ್ಟು ಹೊತ್ತು ಮಾತ್ರ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಇಡೀ ದಿನದಲ್ಲಿ ಅವನದು ಎಂದು ಇದ್ದದ್ದು ಅಷ್ಟೇ.

"ಹೆದರ್ಬೇಡಿ. ಮೀಟಿಂಗಿಗೆ ನೀವು ಸೈಕಲ್ಲಲ್ಲೇ ಬನ್ನಿ," ಎಂದ ಏಜೆಂಟ್. "ಮರ್ಯಾದಸ್ಥ ಸೈಕಲ್ ಸವಾರ ಅಂದ್ರೆ ಹೇಗಿರ್ತಾನೆ ಅಂತ ತೋರ್ಸಿ. ಜನ ಕಣ್ಣಾರೆ ನೋಡಿದ್ರೆ ಸರಪಳಿ ಗಿರಪಳಿ ಎಲ್ಲ ಮರೀತಾರೆ. ಎಲ್ಲಿ, ನಿಮ್ಮ ಸೈಕಲ್ಲಿಗೆ ಲೈಟೇ ಇಲ್ವಲ್ಲ!" ಎಂದು ಮೇಲೆ ಓಡಿ ಒಂದು ಲೈಟು ತಂದು, ಹ್ಯಾಂಡಲ್ಲಿಗೆ ತಾನೇ ಕಟ್ಟಿಕೊಟ್ಟ. ಗುಡ್ಡ ಕೊರೆದು ಸುರಂಗ ಮಾಡುವವರು ಬಳಸುವ ಲೈಟಂತೆ. ಯಾವ ಗಿರಾಕಿ ಕೊಟ್ಟನೋ ಏನೋ.

ಮಧ್ಯಾಹ್ನ ಅಂಗಡಿಗೆ ಹಲ್ಲಿನ ಡಾಕ್ಟರಮ್ಮ ಬಂದರು. ಹೊಸ ಕನ್ನಡಕ ತಯಾರಾಗಿತ್ತು. ಇವರು ವಾಕಿಂಗ್ ಸಂಘದ ಕಾರ್ಯದರ್ಶಿ. ಸಂಘದಲ್ಲಿ ಎರಡು ಬಣ. ದಾರಿಯ ಬಲಗಡೆ ನಡೆದರೆ ಎದುರಿಗೆ ಬರುವುದು ಕಾಣುತ್ತದೆ ಎಂದು ಡ್ರಿಲ್ ಮೇಷ್ಟ್ರು ಅರ್ಧ ಜನಕ್ಕೆ ಪಾಠ ಮಾಡಿದ್ದರು. ಎಲ್ಲದಕ್ಕೂ ಎಡಗಡೆಯೇ ಸರಿ ಎಂದು ಡಾಕ್ಟರಮ್ಮ ಉಳಿದರ್ಧ ಜನಕ್ಕೆ ಪಾಠ ಮಾಡಿದ್ದರು. ಎಲ್ಲರೂ ಹರಟೆಯ ಭರದಲ್ಲಿ ಎರಡನ್ನೂ ಮರೆತು ನಟ್ಟನಡುವೆ ನಡೆಯುತ್ತಿದ್ದರು. ಬೆಲ್ ಕೇಳಿದಾಗ ಮಾತ್ರ ಪಾಠ ನೆನಪಾಗಿ, ಈ ಬಣ ಆ ಕಡೆಗೂ ಆ ಬಣ ಈ ಕಡೆಗೂ ಓಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು.

"ಡಾಕ್ಟ್ರಮ್ಮ, ಸೈಕಲ್ನೋರ ಬಗ್ಗೆ ಸ್ವಲ್ಪ ದಯೆ ಇರ್ಲಿ," ಎಂದು ಗ್ಲಾಸಣ್ಣ ಕನ್ನಡಕ ಒರೆಸುತ್ತಾ ಮೆಲ್ಲಗೆ ಅಂದ.

"ನನಗೆ ಸೈಕಲ್ ಮೇಲೆ ಕೋಪ ಇಲ್ಲಪ್ಪ, ಬೆಲ್ ಮೇಲೆ ಕೋಪ," ಎಂದರು ಡಾಕ್ಟರಮ್ಮ. "ಹಿಂದಿನಿಂದ ಬಂದು ಕಿವೀಲಿ ಗಂಟೆ ಬಾರಿಸೋದು ಯಾವ ಮರ್ಯಾದೆ? ದೇವರು ಬಾಯಿ ಕೊಟ್ಟಿಲ್ವಾ? 'ಬಲಗಡೆಯಿಂದ ಬರ್ತಾ ಇದ್ದೀನಿ' ಅಂತ ಮೃದುವಾಗಿ ಹೇಳಿದ್ರೆ ಯಾರು ಬೇಡ ಅಂತಾರೆ? ಬೆಲ್ ಇಲ್ಲದ ಸೈಕಲ್ ಒಂದು ಬರ್ಲಿ, ನನ್ನ ಓಟು ಅವನಿಗೇ."

ಅವರು ಬಾಗಿಲು ದಾಟಿದ್ದೇ ತಡ, ಗ್ಲಾಸಣ್ಣ ಫ್ರೇಮಿನ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹೋಗಿ ಬೆಲ್ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಸಂಜೆ ಅಂಗಡಿಯ ಷಟರ್ ಎಳೆದು ಹೊರಟಾಗ ಚೆನ್ನಾಗಿ ಕತ್ತಲಾಗಿತ್ತು. ಕಲ್ಲುಬೆಂಚು ಇರುವುದು ಅಂಗಡಿಗೂ ಮನೆಗೂ ನಡುವೆ. ಅಲ್ಲಿಯವರೆಗೆ ಯಾರಿಗೂ ತೊಂದರೆ ಕೊಡದೆ ಮುಟ್ಟಿದರೆ ಆಯಿತು ಎಂದುಕೊಂಡು ಗ್ಲಾಸಣ್ಣ ಲೈಟಿನ ಗುಂಡಿ ಒತ್ತಿದ. ಕಾಲುವೆ ದಾರಿಯಲ್ಲಿ ಹಗಲಾಯಿತು. ಆಚೆ ದಡದಲ್ಲಿ ಮಲಗಿದ್ದ ಹಕ್ಕಿಗಳು ಎದ್ದು ಚಿಲಿಪಿಲಿ ಶುರು ಮಾಡಿದವು.

ಎದುರಿಗೆ ಬ್ಯಾಂಕಿನ ಕ್ಯಾಷಿಯರು ಹೆಂಡತಿಯ ಕೈ ಹಿಡಿದು ಬರುತ್ತಿದ್ದರು. ಬೆಳಕು ಬಿದ್ದ ಕೂಡಲೇ ಇಬ್ಬರೂ ಕಣ್ಣು ಮುಚ್ಚಿಕೊಂಡರು. ಕಣ್ಣು ಮುಚ್ಚಿಕೊಂಡವರು ನಿಲ್ಲಬೇಕಿತ್ತು. ಕ್ಯಾಷಿಯರು ನಿಲ್ಲಲಿಲ್ಲ, ನೆಟ್ಟಗೆ ಬೇಲಿಯೊಳಕ್ಕೆ ನಡೆದರು.

"ಯಾವನೋ ಅವನು! ಕಣ್ಣು ಹೋಯ್ತಲ್ಲೋ!" ಎಂದು ಬೇಲಿಯೊಳಗಿಂದ ಕೂಗು ಬಂತು.

"ರೀ, ಎಲ್ಲಿದ್ದೀರಾ?" ಎಂದು ಅವರ ಹೆಂಡತಿ ಗಾಳಿಯಲ್ಲಿ ತಡಕಾಡತೊಡಗಿದರು.

ಗ್ಲಾಸಣ್ಣ ಗಾಬರಿಯಲ್ಲಿ ಇಳಿದು, ಲೈಟ್ ಆರಿಸಿ, ಕಿತ್ತು ಚೀಲದ ತಳಕ್ಕೆ ತುರುಕಿದ. ಕ್ಯಾಷಿಯರನ್ನು ಎತ್ತೋಣ ಎಂದು ಎರಡು ಹೆಜ್ಜೆ ಹೋದ. ಅಷ್ಟರಲ್ಲಿ ಅವರೇ ಎದ್ದು, "ಕೈಗೆ ಸಿಕ್ಕಿದ್ರೆ ಅವನನ್ನ..." ಎಂದು ಶುರುಮಾಡಿದ್ದರಿಂದ ಆ ಉಪಕಾರ ಬಿಟ್ಟು ಮತ್ತೆ ಸೈಕಲ್ ಹತ್ತಿದ.

ಈಗ ಲೈಟಿಲ್ಲ, ಬೆಲ್ಲಿಲ್ಲ. ಉಳಿದದ್ದು ಬಾಯಿ ಒಂದೇ. ಸ್ವಲ್ಪ ದೂರದಲ್ಲಿ ಹೊಲಿಗೆ ಕ್ಲಾಸು ಮುಗಿಸಿದ ನಾಲ್ವರು ಹೆಂಗಸರು ದಾರಿಯ ಈ ಅಂಚಿನಿಂದ ಆ ಅಂಚಿನವರೆಗೆ ಸಾಲಾಗಿ ನಡೆಯುತ್ತಿದ್ದರು. ನಾಲ್ವರದೂ ಕಪ್ಪು ಕಪ್ಪು ಬಟ್ಟೆ. ನಗು ಕೇಳಿಸದಿದ್ದರೆ ಅಲ್ಲಿ ಜನ ಇದ್ದಾರೆ ಎಂದೇ ಗೊತ್ತಾಗುತ್ತಿರಲಿಲ್ಲ. ಗ್ಲಾಸಣ್ಣ ಬ್ರೇಕು ಹಿಡಿದು, ಡಾಕ್ಟರಮ್ಮ ಹೇಳಿದಂತೆಯೇ, ಎಷ್ಟು ಮೃದುವಾಗಿ ಸಾಧ್ಯವೋ ಅಷ್ಟು ಮೃದುವಾಗಿ ಅಂದ:

"ಬಲಗಡೆಯಿಂದ ಬರ್ತಾ ಇದ್ದೀನಿ..."

ಕತ್ತಲಲ್ಲಿ ಕಿವಿಯ ಪಕ್ಕ ಗಂಡಸಿನ ಮೃದು ದನಿ ಕೇಳಿದರೆ ಏನಾಗಬೇಕೋ ಅದೇ ಆಯಿತು. ಮೊದಲು ಕಿರುಚಿದರು. ಬಳಿಕ, ಬಲ ಎಂಬ ಮಾತು ಕಿವಿಗೆ ಬಿದ್ದದ್ದರಿಂದ, ಮೇಷ್ಟ್ರ ಬಣದ ಇಬ್ಬರು ಬಲಕ್ಕೇ ಓಡಿದರು. ಡಾಕ್ಟರಮ್ಮನ ಬಣದ ಇಬ್ಬರು ಎಡಕ್ಕೆ ಓಡಿದರು. ಆದರೆ ಬಲದ ಬಣದವರು ಎಡಕ್ಕೂ ಎಡದ ಬಣದವರು ಬಲಕ್ಕೂ ನಿಂತಿದ್ದರಿಂದ ನಾಲ್ವರೂ ನಡುವೆ ಸೇರಿ ಒಂದೇ ಗಂಟಾದರು. ದಾರದುಂಡೆಗಳು ಉರುಳಿ ಚಕ್ರದ ಕೆಳಗೆ ಬಂದವು.

"ಲೈಟಿಲ್ಲ, ಬೆಲ್ಲಿಲ್ಲ, ದೆವ್ವದ ಥರ ಬಂದು ಪಿಸುಗುಡ್ತೀಯಲ್ಲೋ!" ಎಂದು ಒಬ್ಬಾಕೆ ಕೊಡೆ ಬೀಸಿದರು. ಅದು ತಗುಲಿದ್ದು ಪಕ್ಕದಾಕೆಗೆ. ಆ ಗಲಾಟೆಯಲ್ಲಿ ಗ್ಲಾಸಣ್ಣ ತಲೆ ತಗ್ಗಿಸಿ ಅಂಚಿನಲ್ಲಿ ನುಸುಳಿ ಪಾರಾದ.

ಇನ್ನು ಅವನ ಬಳಿ ಮರ್ಯಾದೆಯ ಬೇರೆ ಯಾವ ಉಪಾಯವೂ ಉಳಿದಿರಲಿಲ್ಲ. ಸಾಕಪ್ಪಾ ಎಂದು ಸೈಕಲ್ಲಿನಿಂದ ಇಳಿದು, ದಾರಿಯ ಒಂದು ಬದಿಗೆ ಸರಿದು, ತಳ್ಳಿಕೊಂಡೇ ನಡೆದ. ಹಾಗೆ ನಡೆದದ್ದು ಕೊನೆಯ ತಿರುವಿನಿಂದ ಕಲ್ಲುಬೆಂಚಿನವರೆಗೆ, ಒಂದು ಸಣ್ಣ ತುಂಡು ದಾರಿ ಅಷ್ಟೇ.

ಬೆಂಚಿನ ಹತ್ತಿರ ಕಂಬದ ದೀಪದ ಕೆಳಗೆ ಸಂಘ ನೆರೆದಿತ್ತು. ಡ್ರಿಲ್ ಮೇಷ್ಟ್ರು ಕೊರಳಲ್ಲಿ ಸೀಟಿ ಹಾಕಿಕೊಂಡು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ ಧರಿಸಿ ಸಾಕ್ಷಿಸಮೇತ ನಿಂತಿದ್ದರು. ಇನ್ನೂ ಇಬ್ಬರು ಸೈಕಲ್ಲಿನವರು, ಒಬ್ಬ ಹಾಲಿನವನು, ಇನ್ನೊಬ್ಬ ಬ್ರೆಡ್ಡಿನವನು, ತೀರ್ಪು ಕೇಳಲು ಮೂಲೆಯಲ್ಲಿ ನಿಂತಿದ್ದರು. ಗ್ಲಾಸಣ್ಣ ಬಂದ ಹಿಂದೆಯೇ ಕ್ಯಾಷಿಯರು ತಲೆತುಂಬ ಎಲೆ ಸಿಕ್ಕಿಸಿಕೊಂಡು, ದೂರು ಹೇಳಲು ಬಂದ ದಾರಿಗೇ ತಿರುಗಿ ಬಂದರು. ಅವರ ಹಿಂದೆ ಹೊಲಿಗೆ ಕ್ಲಾಸು.

"ಒಬ್ಬ ರೌಡಿ, ಮೇಷ್ಟ್ರೇ! ರೈಲಿನ ದೀಪ ಹಾಕ್ಕೊಂಡು ಬಂದ! ಮುಖ ಕಾಣ್ಲಿಲ್ಲ, ಬೆಳಕೇ ಕಂಡದ್ದು!" ಎಂದರು ಕ್ಯಾಷಿಯರು.

"ನಮಗೆ ಸಿಕ್ಕಿದೋನು ಬೇರೆ! ಅವನಿಗೆ ದೀಪಾನೇ ಇರ್ಲಿಲ್ಲ!" ಎಂದರು ಹೆಂಗಸರು. "ಮುಖ ನಮಗೂ ಕಾಣ್ಲಿಲ್ಲ. ದನಿ ಮಾತ್ರ ಕೇಳಿದ್ರೆ ಗುರುತು ಹಿಡೀತೀವಿ!"

"ಒಂದೇ ಸಂಜೆ ಇಬ್ಬರು!" ಮೇಷ್ಟ್ರು ಹಲ್ಲು ಕಡಿದರು. "ನಿನ್ನೆಯವನು ಸೇರಿ ಮೂವರು. ಇದು ಗ್ಯಾಂಗು!"

ಆ ಗ್ಯಾಂಗು ಅಷ್ಟೂ ಹ್ಯಾಂಡಲ್ ಹಿಡಿದು ದೀಪದ ಕೆಳಗೆ ಬೆವರುತ್ತಾ ನಿಂತಿತ್ತು. ವಿಮೆ ಏಜೆಂಟ್ ಹತ್ತಿರ ಬಂದು, "ಎಲ್ಲಿ, ನಾನು ಕಟ್ಟಿದ ಲೈ..." ಎನ್ನುವಷ್ಟರಲ್ಲಿ ಗ್ಲಾಸಣ್ಣ ಅವನ ಕಾಲು ತುಳಿದ. ಏಜೆಂಟ್ ಉಳಿದ ಅಕ್ಷರ ನುಂಗಿಕೊಂಡ.

ಆಗ ಡಾಕ್ಟರಮ್ಮ ಹೊಸ ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. "ಮೇಷ್ಟ್ರೇ, ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ. ಇಲ್ನೋಡಿ, ಇವರ ಸೈಕಲ್ಲಿಗೆ ಬೆಲ್ಲೇ ಇಲ್ಲ. ಆ ತಿರುವಿನಿಂದ ಬರೋದನ್ನ ನಾನೇ ನೋಡ್ದೆ. ಜನಕ್ಕೆ ತೊಂದ್ರೆ ಆಗ್ಬಾರ್ದು ಅಂತ ಇಳಿದು ತಳ್ಕೊಂಡು ಬಂದ್ರು!"

ಎಲ್ಲರೂ ಗ್ಲಾಸಣ್ಣನ ಕಡೆ ತಿರುಗಿದರು. ಮೇಷ್ಟ್ರು ಹತ್ತಿರ ಬಂದು ಅವನ ಸುತ್ತ ಒಂದು ಸುತ್ತು ಹಾಕಿದರು.

"ಏನಪ್ಪಾ, ಇಡೀ ದಾರಿ ತಳ್ಕೊಂಡೇ ಬಂದ್ಯಾ?"

ನಿಜ ಹೇಳಿದರೆ ಗ್ಯಾಂಗು ಸಿಕ್ಕಿಬೀಳುತ್ತದೆ. ಸರಪಳಿಯೂ ಬೀಳುತ್ತದೆ. ಸ್ಕೂಟರಿನ ಹಿಂದಿನ ಸೀಟು ಕಣ್ಣ ಮುಂದೆ ಬಂತು. ಗ್ಲಾಸಣ್ಣ ಹೊಲಿಗೆ ಕ್ಲಾಸಿಗೆ ಗುರುತು ಸಿಗದಂತೆ ದನಿಯನ್ನು ಆದಷ್ಟು ದಪ್ಪ ಮಾಡಿಕೊಂಡ.

"ಹೂಂ ಸಾರ್. ಈ ದಾರೀಲಿ ನಾನ್ಯಾವತ್ತೂ ಸೈಕಲ್ ಹತ್ತೋದೇ ಇಲ್ಲ. ಯಾವಾಗ್ಲೂ ತಳ್ಕೊಂಡೇ ಹೋಗೋದು."

ಮೇಷ್ಟ್ರ ಕಣ್ಣಲ್ಲಿ ನೀರು ಬಂತು. "ಇಷ್ಟು ವರ್ಷ ಮಕ್ಕಳಿಗೆ ಡ್ರಿಲ್ ಕಲಿಸಿದೆ, ಇಂಥ ಶಿಸ್ತು ನೋಡ್ಲಿಲ್ಲ," ಎಂದು ಅವನ ಬೆನ್ನು ತಟ್ಟಿದರು. "ಇಂಥೋರೂ ಇರುವಾಗ ಸರಪಳಿ ಹಾಕಿದ್ರೆ ಪಾಪ ಬರುತ್ತೆ. ಸರಪಳಿ ಬೇಡ! ದಾರಿ ಸೈಕಲ್ಲಿಗೂ ಇರ್ಲಿ!"

ಚಪ್ಪಾಳೆ ಬಿತ್ತು. ಹಾಲಿನವನು ಗ್ಲಾಸಣ್ಣನನ್ನು ದೇವರಂತೆ ನೋಡಿದ. ಗ್ಲಾಸಣ್ಣನ ಎದೆಯ ಮೇಲಿನ ಕಲ್ಲು ಇಳಿಯಿತು. ಎಷ್ಟು ಹಗುರಾದನೆಂದರೆ, ಗೆಳೆಯನಿಗೆ ಇನ್ನೂ ಒಂದು ಉಪಕಾರ ಮಾಡೋಣ ಎಂದು ಏಜೆಂಟ್ ಬಾಯಿ ತೆರೆದದ್ದು ಅವನಿಗೆ ಕಾಣಲೇ ಇಲ್ಲ.

"ಒಂದು ಸಲಹೆ, ಮೇಷ್ಟ್ರೇ," ಎಂದ ಏಜೆಂಟ್. "ಇವರು ನಮ್ಮ ಕೆಳಗಿನ ಮನೆಯೋರು, ಚಿನ್ನದಂಥ ಮನುಷ್ಯ. ಇವರು ಹಾಕಿದ ಮಾದರೀನೇ ನಿಯಮ ಮಾಡಿಬಿಡೋಣ. ಕತ್ತಲಾದ ಮೇಲೆ ಈ ದಾರೀಲಿ ಸೈಕಲ್ ಬರಬಹುದು, ಆದರೆ ಎಲ್ಲರೂ ಇವರ ಹಾಗೇ ಇಳಿದು ತಳ್ಕೊಂಡೇ ಹೋಗ್ಬೇಕು."

ಸಂಘ ಹುಟ್ಟಿದ ಮೇಲೆ ಮೊದಲ ಬಾರಿಗೆ ಎಡದವರೂ ಬಲದವರೂ ಒಟ್ಟಿಗೆ ಕೈ ಎತ್ತಿದರು. ಮೇಷ್ಟ್ರು ಸೀಟಿ ಊದಿ ನಿಯಮ ಜಾರಿಯಾಯಿತು ಎಂದು ಸಾರಿದರು. ಹಾಲಿನವನೂ ಬ್ರೆಡ್ಡಿನವನೂ ಗ್ಲಾಸಣ್ಣನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸದಿರುವುದೇ ಒಳ್ಳೆಯದು.

"ಆದ್ರೆ ಸಾರ್, ಅವಸರ ಇದ್ದೋರು..." ಎಂದು ಗ್ಲಾಸಣ್ಣ ದಪ್ಪ ದನಿಯಲ್ಲೇ ಶುರುಮಾಡಿದ.

"ಅವಸರದೋರಿಗೆ ನೀನೇ ಬುದ್ಧಿ ಹೇಳು. ನಾಳೆಯಿಂದ ದಿನಾ ಇದೇ ಹೊತ್ತಿಗೆ ನಾನು ಇಲ್ಲೇ ನಿಂತಿರ್ತೀನಿ, ನಿನ್ನನ್ನ ತೋರ್ಸಿ ಎಲ್ರಿಗೂ ಕಲಿಸ್ತೀನಿ," ಎಂದರು ಮೇಷ್ಟ್ರು.

ಗ್ಲಾಸಣ್ಣ ಸೈಕಲ್ ತಳ್ಳಿಕೊಂಡು ಮನೆಯ ಕಡೆ ಹೊರಟ. ಮೇಷ್ಟ್ರೂ ಡಾಕ್ಟರಮ್ಮನೂ ಹಿಂದೆಯೇ ನಿಂತು ಅಭಿಮಾನದಿಂದ ನೋಡುತ್ತಿದ್ದುದರಿಂದ ಹತ್ತುವಂತೆಯೂ ಇರಲಿಲ್ಲ. ಪೆಡಲ್ಲು ಹೆಜ್ಜೆಗೊಮ್ಮೆ ಮೊಣಕಾಲಿನ ಗಂಟಿಗೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ವಿಮೆ ಏಜೆಂಟ್ ಬೀಸು ನಡಿಗೆಯಲ್ಲಿ ಬಂದು, "ಹೇಗೆ ಕೆಲಸ ಮಾಡಿಕೊಟ್ಟೆ! ಮನೇಲಿ ಹೇಳ್ತೀನಿ, ನಿಧಾನಕ್ಕೆ ಬನ್ನಿ," ಎಂದು ಅವನನ್ನು ದಾಟಿಕೊಂಡು ಹೋದ.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿ, ಅದಕ್ಕೆ ಉಪಾಯವೂ ಆಗಿಹೋಗಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ದಾರಿ ಉಳಿಸಿದ್ರಂತೆ, ಬಹಳ ಸಂತೋಷ," ಎಂದಳು. "ಆದ್ರೆ ಹೀಗೆ ತಳ್ಕೊಂಡು ಬರೋದಾದ್ರೆ ಸೈಕಲ್ ಯಾಕ್ರೀ ಬೇಕು? ಅನ್ನ ಆರಿಹೋಯ್ತು. ಅದಕ್ಕೇ ತಮ್ಮನಿಗೆ ಫೋನ್ ಮಾಡ್ದೆ, ಪಾಪ, ತಕ್ಷಣ ಬಂದ."

ಒಳಗೆ ಕುರ್ಚಿಯಲ್ಲಿ ಭಾವಮೈದುನ ಕೂತಿದ್ದ. ಅವನ ತೊಡೆಯ ಮೇಲೆ ಎರಡು ಹೆಲ್ಮೆಟ್ಟುಗಳಿದ್ದವು. ಒಂದನ್ನು ಗ್ಲಾಸಣ್ಣನ ಕಡೆ ಚಾಚುತ್ತಾ, "ಹಾಕಿ ನೋಡಿ ಭಾವ, ಅಳತೆ ಸರಿ ಇದ್ಯಾ? ಆಪರೇಷನ್ ದಿನ ನಾನು ಹಾಕ್ಕೊಂಡು ಹೋಗಿದ್ದು ಇದನ್ನೇ. ಅವತ್ತು ಏನಾಯ್ತು ಅಂದ್ರೆ..." ಎಂದು ಶುರುಮಾಡಿದ. ಗ್ಲಾಸಣ್ಣ ಹೆಲ್ಮೆಟ್ಟು ಹಾಕಿಕೊಂಡ. ಅಳತೆ ಸರಿಯಾಗಿತ್ತು.