ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಕೋರ್ಟಿನ ಕಾಗದ

ಇಲ್ಲಿ ಮಾತ್ರ ಗಂಭೀರವಾಗಿರಬೇಕು ಅಂತ ಮನಸ್ಸು ಗಟ್ಟಿಮಾಡಿಕೊಂಡು ಹೋದ ಜಾಗದಲ್ಲೇ ನಮ್ಮ ಮನೆಯವರಿಗೆ ಇಂಥವೆಲ್ಲ ನಡೆಯುತ್ತವೆ. ತೊಂಬತ್ತರ ದಶಕದ ಮೊದಲಲ್ಲಿ ನಾನು ಓದಲು ಸಿಡ್ನಿಗೆ ಬಂದು ಚಿಕ್ಕಪ್ಪನ ಮನೆಯಲ್ಲಿದ್ದೆ. ಎಂಜಿನಿಯರ್ ಚಿಕ್ಕಪ್ಪ ಒಂದು ಸಂಜೆ ಕುಡಿದು ಕಾರು ಓಡಿಸಿ, ಎದುರುಮನೆಯವರ ಲೆಟರ್‌ಬಾಕ್ಸನ್ನು ಬುಡಸಮೇತ ಕಿತ್ತುಹಾಕಿದರು. ಲೈಸೆನ್ಸ್ ಹೋಯಿತು. ಆರು ತಿಂಗಳು ಪ್ರೊಬೇಷನ್. ಪ್ರತಿ ವಾರ ಕುಡಿತ ಬಿಡುವವರ ಸಭೆಗೆ ಹೋಗಿ, ಕೋರ್ಟಿನ ಕಾಗದದ ಮೇಲೆ ಅಲ್ಲಿಯವರ ಸಹಿ ಹಾಕಿಸಿಕೊಂಡು ಬರಬೇಕು. ಒಂದು ವಾರದ ಸಹಿ ತಪ್ಪಿದರೂ ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಆಗ ಜೈಲಾದರೂ ಆಗಬಹುದು, ಕೆಲಸವಂತೂ ಹೋದ ಹಾಗೇ.

ಚಿಕ್ಕಮ್ಮನಿಗೆ ಡ್ರೈವಿಂಗ್ ಬಾರದು. ಹೊಸದಾಗಿ ಲೈಸೆನ್ಸ್ ತೆಗೆದುಕೊಂಡಿದ್ದ ನಾನೇ ಸಾರಥಿ. ಯಾರ ಹೆಸರನ್ನೂ ಹೊರಗೆ ಹೇಳಬಾರದು ಎನ್ನುವುದು ಆ ಸಭೆಯ ನಿಯಮ, ಹಾಗಾಗಿ ನಾನೂ ಹೇಳುವುದಿಲ್ಲ.

ಮರ್ಯಾದೆ

ಕಾಗದ ಮನೆಗೆ ಬಂದ ದಿನವೇ ಚಿಕ್ಕಮ್ಮ ಅದರ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ದೇವರ ಮುಂದಿಟ್ಟರು, ಮದುವೆಯ ಕರೆಯೋಲೆಗೆ ಹಚ್ಚುವ ಹಾಗೆ. "ಆರು ತಿಂಗಳು ನಿರ್ವಿಘ್ನವಾಗಿ ನಡೀಲಿ" ಅಂದರು.

ತಿಂಗಳ ಕೊನೆಗೆ ಪ್ರೊಬೇಷನ್ ಆಫೀಸರು ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ನೋಡಿದರು. "ಏನಿದು? ಸಾರು ಚೆಲ್ಲಿಕೊಂಡ್ರಾ?"

"ಇಲ್ಲ ಸರ್, ಪೂಜೆ" ಎಂದರು ಚಿಕ್ಕಪ್ಪ.

"ಯಾವುದಕ್ಕೆ?"

"ಈ ಕಾಗದಕ್ಕೇ."

ಆಫೀಸರು ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹದಿನೈದು ವರ್ಷದಿಂದ ಈ ಕಾಗದ ಕೊಡ್ತಾ ಇದೀನಿ. ಬೇರೆಯವರೆಲ್ಲ ಪ್ಯಾಂಟಿನ ಜೊತೆ ಒಗೆದುಕೊಂಡು ತರ್ತಾರೆ."

ನನ್ನ ಧೈರ್ಯ

ಸಭೆ ನಡೆಯುತ್ತಿದ್ದುದು ಒಂದು ಚರ್ಚಿನ ಹಿಂದಿನ ಹಾಲಿನಲ್ಲಿ, ಗುರುವಾರ ಸಂಜೆ ಏಳಕ್ಕೆ. ಮನೆಯವರೂ ಕೂರಬಹುದಿತ್ತು. ಸೆಕ್ರೆಟರಿ ಒಬ್ಬ ಅಜ್ಜಿ. ಲಾರಿ ಓಡಿಸಿ ರಿಟೈರ್ ಆದವರು, ದೊಡ್ಡ ಕೈ, ದೊಡ್ಡ ಗಂಟಲು. ಮೊದಲ ದಿನ ಬಾಗಿಲಲ್ಲಿ ಹಿಂದೆಮುಂದೆ ನೋಡುತ್ತ ನಿಂತಿದ್ದ ನನ್ನನ್ನು ನೋಡಿದವರೇ ತಬ್ಬಿಕೊಂಡುಬಿಟ್ಟರು. "ಇಷ್ಟು ಚಿಕ್ಕ ವಯಸ್ಸಿಗೇ ಬಂದೆಯಲ್ಲ ಮಗಳೇ, ಎಂಥ ಧೈರ್ಯ!"

ಕುಡಿದದ್ದು ನಾನಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಥ್ಯಾಂಕ್ಯೂ."

ಅಲ್ಲಿಂದ ಒಂದು ಗಂಟೆ ಎಲ್ಲರೂ ನನಗೇ ಟೀ ಕೊಟ್ಟರು, ಬಿಸ್ಕತ್ತು ಕೊಟ್ಟರು. ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ದಾಂಡಿಗ ಕಣ್ಣೊರೆಸಿಕೊಳ್ಳುತ್ತ ತನ್ನ ಕೆಟ್ಟ ದಿನಗಳ ಕಥೆ ಹೇಳಿ, ನೀನೂ ಗೆಲ್ಲುತ್ತೀಯ ಅಂದ. ಚಿಕ್ಕಪ್ಪ ಪಕ್ಕದಲ್ಲಿ ಪಾಪದ ಹುಡುಗಿಯನ್ನು ಕರೆತಂದ ಹಿರಿಯರ ಹಾಗೆ ತಲೆಯಾಡಿಸುತ್ತ ಕೂತಿದ್ದರು. ಕೊನೆಗೆ ಅಜ್ಜಿ ಸಹಿಗೆಂದು ನನ್ನ ಮುಂದೆ ಕೈ ಚಾಚಿದಾಗ, ನನ್ನ ಭುಜದ ಮೇಲಿಂದ ಅರಿಸಿನದ ಕಾಗದ ಮೆಲ್ಲಗೆ ಬಂತು.

ಅಜ್ಜಿ ಕಾಗದದ ಹೆಸರು ನೋಡಿದರು, ಚಿಕ್ಕಪ್ಪನನ್ನು ನೋಡಿದರು, ಸಹಿ ಹಾಕಿದರು.

ಕಾರಿನಲ್ಲಿ ಚಿಕ್ಕಪ್ಪ ಅಂದರು, "ಮುಂದಿನ ವಾರಾನೂ ನೀನೇ ಇರು ಪುಟ್ಟಿ. ನಿನಗೆ ಚೆನ್ನಾಗಿ ಒಪ್ಪುತ್ತೆ."

ಮನಶ್ಶಾಂತಿ

ನಮ್ಮ ಕಾರು ಗುರುವಾರ ಗುರುವಾರ ಚರ್ಚಿನ ಮುಂದೆ ನಿಲ್ಲುವುದು ಕನ್ನಡ ಸಂಘದ ಅಧ್ಯಕ್ಷರ ಹೆಂಡತಿಯ ಕಣ್ಣಿಗೆ ಬಿತ್ತು. ಗಂಡ ಹೆಂಡತಿ ಇಬ್ಬರೂ ಮನೆಗೇ ಬಂದರು.

"ನಮ್ಮ ದೇವರು ನಿಮಗೇನು ಕಮ್ಮಿ ಮಾಡಿದ್ದ?" ಎಂದು ಆಂಟಿ ಕಣ್ಣಲ್ಲಿ ನೀರು ತಂದುಕೊಂಡರು.

ಮತ ಬಿಟ್ಟವನು ಅನ್ನಿಸಿಕೊಳ್ಳುವುದೋ, ಕುಡಿದು ಸಿಕ್ಕಿಬಿದ್ದವನು ಅನ್ನಿಸಿಕೊಳ್ಳುವುದೋ? ಚಿಕ್ಕಪ್ಪ ಒಂದು ನಿಮಿಷ ಯೋಚಿಸಿದರು. "ಏನೋ... ಮನಶ್ಶಾಂತಿಗೆ" ಎಂದರು. ಅಡುಗೆಮನೆಯಲ್ಲಿ ಚಿಕ್ಕಮ್ಮನ ಸೌಟು ಬಿತ್ತು.

ಅಧ್ಯಕ್ಷ ಅಂಕಲ್ ಒಂದು ಗಂಟೆ ಬುದ್ಧಿ ಹೇಳಿದರು. ಸಾಲದೆಂದು, ಚಿಕ್ಕಪ್ಪನ ಮನಸ್ಸು ತಿರುಗಲಿ ಅಂತ ತಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯನ್ನೂ ಇಟ್ಟುಕೊಂಡರು. ಅದೂ ಗುರುವಾರ ಸಂಜೆಯೇ.

ಐದು ಗಂಟೆಗೆ ಶುರುವಾಗಬೇಕಿದ್ದ ಪೂಜೆ ಆರಕ್ಕೆ ಶುರುವಾಯಿತು. ಆರೂವರೆಗೆ ಕಥೆ ಇನ್ನೂ ಎರಡನೇ ಅಧ್ಯಾಯದಲ್ಲೇ ಇತ್ತು. ನಾನು ಬಾಗಿಲ ಬಳಿ ಕಾರಿನ ಕೀ ಹಿಡಿದು ನಿಂತಿದ್ದೆ. ಚಿಕ್ಕಪ್ಪ ಗೋಡೆ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ದೇವರಿಗೆ ಕೈಮುಗಿದು ಎದ್ದೇಬಿಟ್ಟರು.

"ಕ್ಷಮಿಸಬೇಕು ಎಲ್ಲರೂ. ಚರ್ಚಿಗೆ ಹೊತ್ತಾಯ್ತು."

ಕೊನೆಯ ಸಹಿ

ಇಷ್ಟಾದರೂ ಆರು ತಿಂಗಳಲ್ಲಿ ಚಿಕ್ಕಪ್ಪ ಸಭೆಯಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಸರದಿ ಬಂದರೆ ತಲೆಯಲ್ಲಾಡಿಸುವರು. ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಆದರೆ ಕುಡಿತ ನಿಂತಿತ್ತು. ಚಿಕ್ಕಮ್ಮ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದರು. ಗುರುತು ಪರಿಚಯವಿಲ್ಲದ ಆ ಜನ ವಾರವಾರವೂ ನಮಗಾಗಿ ಎರಡು ಕುರ್ಚಿ ಹಾಕಿಟ್ಟು ಕಾಯುತ್ತಿದ್ದರು.

ಕೊನೆಯ ಗುರುವಾರ. ಅಜ್ಜಿ ಕೊನೆಯ ಸಹಿಗೆ ಪೆನ್ನು ತೆಗೆದಿದ್ದರು, ಅಷ್ಟರಲ್ಲಿ ಬಾಗಿಲು ತೆರೆಯಿತು. ಅಧ್ಯಕ್ಷ ಅಂಕಲ್! ಕೈಯಲ್ಲೊಂದು ಕೋರ್ಟಿನ ಕಾಗದ. ನಾಲ್ಕು ಮೂಲೆಗೂ ಅರಿಸಿನ.

ನಮ್ಮನ್ನು ನೋಡಿದ್ದೇ ಅವರ ಮುಖ ಬಿಳಚಿಕೊಂಡಿತು. ಗಿರ್‍ರನೆ ತಿರುಗಿ ಹೊರಟರು. ಹೋದರೆ ಮೊದಲ ವಾರದ ಸಹಿಯೇ ಇಲ್ಲ.

ಚಿಕ್ಕಪ್ಪ ಕುರ್ಚಿ ಬೀಳುವ ಹಾಗೆ ಎದ್ದುನಿಂತರು. ಗಟ್ಟಿಯಾಗಿ, ಕನ್ನಡದಲ್ಲೇ, "ಎಲ್ಲಿಗೆ ಹೊರಟ್ರಿ ಸ್ವಾಮಿ? ನಾನೂ ಕುಡುಕನೇ. ಆರು ತಿಂಗಳಾಯ್ತು ಮುಟ್ಟಿಲ್ಲ. ಬನ್ನಿ, ಕೂತ್ಕೊಳ್ಳಿ" ಎಂದರು.

ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಇಡೀ ಹಾಲು ಎದ್ದು ಚಪ್ಪಾಳೆ ತಟ್ಟಿತು. ಆ ದಾಂಡಿಗ ಮತ್ತೆ ಕಣ್ಣೊರೆಸಿಕೊಂಡ.

ಅಂಕಲ್ ಬಂದು ಕೂತರು. ಎಷ್ಟೋ ಹೊತ್ತಿನ ಮೇಲೆ ಚಿಕ್ಕಪ್ಪನ ಕಿವಿಯ ಹತ್ತಿರ ಬಾಗಿ, "ಮನೆಯಾಕೆಗೇನೋ ಗೊತ್ತು. ಸಂಘದವರು ಕೇಳಿದ್ರೆ ಏನು ಹೇಳ್ಲಿ?" ಅಂದರು.

"ಮನಶ್ಶಾಂತಿಗೆ ಅನ್ನಿ" ಎಂದರು ಚಿಕ್ಕಪ್ಪ. "ತಕ್ಷಣ ಪೂಜೆ ಇಟ್ಕೋತಾರೆ. ಗುರುವಾರ ಬೇಡ ಅಂತ ಮಾತ್ರ ಮೊದ್ಲೇ ಹೇಳ್ಬಿಡಿ."